ಪುಟ ನೂರಾ ಹದಿಮೂರು

ಐಸ್ ಪ್ಲಾಂಟಿನ ಹಸನಬ್ಬ ಕೇಳಿದರು,
"ಮೀನಿಲ್ಲದೆ ಬರೇ ಐಸು ಎಂತಕ್ಕೆ ಟೀಚರೇ?"
ಬೆಳಗಿನ ಐದು. ದಕ್ಕೆಯಲ್ಲಿ ಬೋಟುಗಳ ಡೀಸೆಲ್ ಕೆಮ್ಮು,
ಬಂಗುಡೆಯ ಬುಟ್ಟಿಗೆ ಕೂಗಿ ಕೂಗಿ ಏರುವ ದರ.
ಹೇಗೆ ಹೇಳಲಿ, ಒಬ್ಬಳ ಕಾದಂಬರಿಯ
ನೂರಾ ಹದಿಮೂರನೆಯ ಪುಟದಲ್ಲಿ ಹಿಮ ಬೀಳುತ್ತಿದೆ,
ಮೂರು ವಾರದಿಂದ ಬೀಳುತ್ತಲೇ ಇದೆ,
ನನ್ನ ಕನ್ನಡದಲ್ಲಿ ಅದು ನೆಲ ಮುಟ್ಟುತ್ತಿಲ್ಲ ಎಂದು.

ನಾನು ಹಿಮ ಕಂಡವಳಲ್ಲ.
ಜೆಪ್ಪುವಿನಿಂದ ಉತ್ತರಕ್ಕೆ ಹೋದದ್ದು ಒಮ್ಮೆ, ಧಾರವಾಡಕ್ಕೆ,
ಅದೂ ಉತ್ತರಪತ್ರಿಕೆ ತಿದ್ದಲು, ಏಪ್ರಿಲಿನಲ್ಲಿ.

ಅವಳ ಹೆಸರು ಪ್ಯೊ ಸುನಿಮ್.
(ಪ್ರೂಫಿನ ಹುಡುಗ ಪ್ರತಿ ಸಲ ಅದನ್ನು "ಪೋ" ಮಾಡುತ್ತಾನೆ.)
ಅರವತ್ತೆಂಟು ವಯಸ್ಸು, ಏಳು ಕಾದಂಬರಿ,
ಯಾವುದೋ ಬಂದರಿನ ಊರಲ್ಲಿ ಎರಡು ಕೋಣೆಯ ಮನೆ.
ಹದಿನೈದಕ್ಕೆ ವಿಗ್ಗಿನ ಫ್ಯಾಕ್ಟರಿ ಸೇರಿದವಳು,
ಜಾಲರಿಯ ಒಂದೊಂದು ಕಣ್ಣಿಗೆ ಯಾರದೋ ಒಂದೊಂದು ಕೂದಲು ಕಟ್ಟುತ್ತ
ರಾತ್ರಿ ಪಾಳಿಯಲ್ಲಿ ತೂಕಡಿಕೆ ತಡೆಯಲು
ಮನಸ್ಸಿನಲ್ಲೇ ವಾಕ್ಯ ಕಟ್ಟಿದವಳು.
ಅದಕ್ಕೇ ಇರಬೇಕು, ಅವಳ ವಾಕ್ಯ ಗಿಡ್ಡ.
ಎಳೆದರೆ ಕಿತ್ತು ಬರುವುದಿಲ್ಲ.
ನಡುವೆ ಒಂಬತ್ತು ವರ್ಷ ಏನೂ ಬರೆಯಲಿಲ್ಲವಂತೆ.
ಕೇಳಿದವರಿಗೆ ಹೇಳಿದಳಂತೆ: ಅತ್ತೆಗೆ ಗಂಜಿ ಬೇಯಿಸುತ್ತಿದ್ದೆ.

ಆ ಗಂಜಿಯನ್ನು ಇಂಗ್ಲಿಷಿನವ ಎಂತೆಂತದೋ ಮಾಡಿದ್ದ,
ಕೆಳಗೆ ಅಡಿಟಿಪ್ಪಣಿ ಬೇರೆ.
ನನ್ನಲ್ಲಿಗೆ ಬಂದದ್ದೇ ತಡ, ಉಸ್ಸಪ್ಪ ಎಂದು
ಗಂಜಿಯಾಗಿಯೇ ಕೂತಿತು, ಬದಿಗೆ ಚೂರು ಮಿಡಿ ಉಪ್ಪಿನಕಾಯಿ.
ಒಣಗಿಸಿದ ಸಣ್ಣ ಮೀನು ಕೊಲ್ಲತರು ಆಯಿತು.
ಚಳಿಗೆ ನೆಲವನ್ನೇ ಬಿಸಿ ಮಾಡುವ ಕೋಣೆಗೆ ಮಾತ್ರ ಶಬ್ದ ಸಿಗಲಿಲ್ಲ,
ನಮ್ಮಲ್ಲಿ ಬಿಸಿ ನೆಲವೆಂದರೆ ಮೇ ತಿಂಗಳ ಟೆರೇಸು,
ಹಪ್ಪಳ, ಕಾಗೆ.

ಆಮೇಲೆ ಆ ಇನ್ನೊಂದು.
ಇಂಗ್ಲಿಷಿನಲ್ಲಿ ಇದ್ದ ಹಾಗೇ ಬರೆದಿದ್ದೆ,
ಪುಸ್ತಕದುದ್ದಕ್ಕೂ: ನನ್ನ ತಾಯಿ, ನನ್ನ ತಾಯಿ.
ಓದಿದರೆ ಇಸ್ತ್ರಿ ಹಾಕಿ ಮಡಚಿಟ್ಟ ಹಾಗೆ.
ಪ್ರಕಾಶಕರ ಮೂಲಕ ಕೇಳಿಸಿದೆ.
ಎರಡು ತಿಂಗಳಿಗೆ ಮೂರು ಸಾಲು ಬಂತು:
"ನಾನು ಬರೆದದ್ದು ನಮ್ಮ ಅಮ್ಮ ಎಂದು.
ಒಬ್ಬಳೇ ಮಗಳಾದರೂ ಇಲ್ಲಿ ಹಾಗೇ ಹೇಳುವುದು.
ನಿಮ್ಮಲ್ಲಿ ಹೇಗೆ?"

ನಮ್ಮಲ್ಲಿ ಹೇಗೆ.
ನಾನೂ ಒಬ್ಬಳೇ ಮಗಳು.
ಮನೆಮಾತು ತುಳುವಿನಲ್ಲಿ "ನಮ್ಮ" ಎರಡು ಉಂಟು,
ಕೇಳುವವರನ್ನು ಜಗಲಿಯಲ್ಲೇ ನಿಲ್ಲಿಸುವ "ಎಂಕ್ಲೆನ",
ಅವರನ್ನೂ ಸೇರಿಸಿ ಮಣೆ ಹಾಕುವ "ನಮ್ಮ".
ಕನ್ನಡದಲ್ಲಿ ಒಂದೇ. ಯಾರು ಒಳಗೆ ಯಾರು ಹೊರಗೆ
ಅದು ಬಾಯಿ ಬಿಡುವುದಿಲ್ಲ.

ನಮ್ಮಮ್ಮ ಸೀತು
ಮೂವತ್ತೊಂದು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಒಡೆದವಳು.
ಸಿಪ್ಪೆಯ ಎಣ್ಣೆ ಬೆರಳಿನ ಗೆರೆಗಳನ್ನೆಲ್ಲ ತಿಂದು
ಕೊನೆಗೆ ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೆಂದು ಒಪ್ಪಲಿಲ್ಲ.
ಇನ್ನೊಮ್ಮೆ ಒತ್ತಿ ಎನ್ನುತ್ತಿದ್ದ ಹುಡುಗ. ಒತ್ತುತ್ತಿದ್ದಳು.
ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಿದ್ದಳು.
ಅವಳ ಬಗ್ಗೆ ನಾನು ಒಂದೇ ಒಂದು ಶಬ್ದ ಬರೆದದ್ದುಂಟು,
ಕಾಲೇಜಿನ ಫಾರ್ಮಿನಲ್ಲಿ, ತಾಯಿಯ ಉದ್ಯೋಗ: ಗೃಹಿಣಿ,
ದುಂಡಗಿನ ಅಕ್ಷರದಲ್ಲಿ.

ಹಸನಬ್ಬ ಯಂತ್ರ ಹಾಕಿದರು.
ಆಳೆತ್ತರದ ಐಸು ಕಿರುಚಿ, ಪುಡಿಯಾಗಿ, ಬಿಳೀ ರಾಶಿ ಬಿತ್ತು.
ಮೊಣಕೈವರೆಗೆ ಕೈ ತೂರಿಸಿದೆ.
ಮೊದಲು ಸುಟ್ಟಿತು.
ಹಿಮ ಸುಡುತ್ತದೆಂದು ಸುನಿಮ್ ಎಲ್ಲಿಯೂ ಬರೆದಿಲ್ಲ,
ಗೊತ್ತಿದ್ದವರು ಬರೆಯುವುದಿಲ್ಲ.
ಆಮೇಲೆ ಬೆರಳು ಒಂದೊಂದಾಗಿ ನನ್ನದಲ್ಲದ ಹಾಗೆ.
ಫ್ಯಾಕ್ಟರಿ ಗೇಟಿನ ಹೊರಗೆ, ಮಗಳ ಪಾಳಿ ಮುಗಿಯಲೆಂದು
ಆ ಪುಟದಲ್ಲಿ ಒಬ್ಬಳು ಕಾಯುತ್ತಿದ್ದಾಳೆ,
ನನ್ನ ಕಥೆಯಲ್ಲಾದರೆ ಕಾದದ್ದು ನಾನು, ಒಳಗಿದ್ದದ್ದು ಅವಳು.
ಇರಲಿ.
ನಮ್ಮಮ್ಮನ ತಲೆಯ ಮೇಲೆ ಹಿಮ ನಿಂತಿತ್ತು,
ಎಂದು ಮನಸ್ಸಿನಲ್ಲೇ ಬರೆದೆ. ಅಷ್ಟೇ. ಗಿಡ್ಡ.

ಹಸನಬ್ಬ ದುಡ್ಡು ಮುಟ್ಟಲಿಲ್ಲ,
ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಂದು ಬೊಗಸೆ ಕಟ್ಟಿಕೊಟ್ಟರು.
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತುವಾಗಲೇ ಸೋರತೊಡಗಿತ್ತು.
ಕಂಡಕ್ಟರ್ ಕಾಲೆತ್ತಿ ದಾಟಿಕೊಂಡು ಕೇಳಿದ,
"ಎಂತ ಮೀನು ಅಕ್ಕ, ಇವತ್ತು?"