ಮೊಟ್ಟೆಯಿಡದ ಮೀನು

ಮಹಡಿಯ ಹೆಗಡೇರ ಮೊಮ್ಮಗಳಿಗೆಂದು
ಈ ಸಲ ಮೊಟ್ಟೆ ಒಡೆಯಲಿಲ್ಲ.
ಪುಡಿ ಸಕ್ಕರೆಗೆ ಚಮಚ ಚಮಚ ಹಾಲು,
ಲಿಂಬೆ ನಾಲ್ಕೇ ಹನಿ.
ಹೆಚ್ಚಾದರೆ ಹರಿಯುತ್ತದೆ,
ಕಡಿಮೆಯಾದರೆ ಮಣಿಕಟ್ಟು ನೋಯುತ್ತದೆ.

ಹಾಲಿನ ಕೊಟ್ಟೆಯನ್ನೇ ತೊಳೆದು, ಮೂಲೆ ಕತ್ತರಿಸಿ
ಬಿಸ್ಕತ್ತಿನ ಮೇಲೆ ಎಳೆದೆ:
ಕಿವಿರು, ರೆಕ್ಕೆ, ಬಾಲ. ಕಣ್ಣಿಗೊಂದು ಕರಿಎಳ್ಳು.
ನಕ್ಷತ್ರದ ಅಚ್ಚು ಕೇಳಿದರೆ
ಬೈತಖೋಲದ ತಗಡಿನವ
ಬಂಗಡೆ ಬಗ್ಗಿಸಿ ಕೊಟ್ಟಿದ್ದ.

ಸಂಜೆಯಾದರೂ ಐಸಿಂಗ್ ಒಣಗಲಿಲ್ಲ.
ಕಾರವಾರದ ಗಾಳಿ, ಗೊತ್ತಲ್ಲ.
ಫ್ಯಾನಿನಡಿ ಇಪ್ಪತ್ತೂ ಮೀನು
ಈಗಷ್ಟೇ ಬಲೆಯಿಂದ ಸುರಿದ ಹಾಗೆ
ಹೊಳೆಯುತ್ತಿದ್ದವು.

ಪ್ರಣೀತಾ ಹೊಸಿಲಲ್ಲೇ ನಿಂತಳು.
"ಪ್ರಿಸ್ಕಾ ಬಾಯಿ, ಮೊಟ್ಟೆ?"
"ಇಲ್ಲ ಮಗಾ."

ಬಾಲದಿಂದ ಶುರುಮಾಡಿ, ಬೆರಳು ನೆಕ್ಕುತ್ತ
ತಲೆಯವರೆಗೆ ತಿಂದಳು.
ಕಣ್ಣೊಂದನ್ನು ಮಾತ್ರ
ಅಂಗೈಯಲ್ಲಿ ಉಳಿಸಿಕೊಂಡು
ಮೆಟ್ಟಿಲು ಹತ್ತಿದಳು,
ಅಜ್ಜಿಗೆ ತೋರಿಸಲು.