ಇನ್ನೂ ಹತ್ತು ನಿಮಿಷ

ಕಂಠೀರವದ ಹಿಂದೆ, ಎರಡನೇ ಮಹಡಿ.
ಒಂದು ಟ್ರೆಡ್‌ಮಿಲ್ಲು, ಒಂದು ಫ್ಯಾನು, ಪರದೆಯಿಲ್ಲದ ಕಿಟಕಿ.
ಕೆಳಗೆ ಓಟದ ಟ್ರ್ಯಾಕು, ಅದರ ಕೆಳಗೆ
ಒಂದು ಕಾಲದ ಸಂಪಂಗಿ ಕೆರೆ.
ಸುಳ್ಳು ಹೇಳುವುದು ನನ್ನ ಕೆಲಸ;
ತಿಂಗಳಿಗೆ ಹತ್ತೊಂಬತ್ತು ಸಾವಿರ, ಪಿಎಫ್ ಕಳೆದು.

ಮೊದಲು ಹೇಳುತ್ತೇನೆ: 'ಹತ್ತೇ ನಿಮಿಷ ಓಡಿ, ಸಾಕು.'
ಒಂಬತ್ತು ಕಳೆದು ಐವತ್ತೊಂಬತ್ತನೇ ಸೆಕೆಂಡಿಗೆ,
ಚೀಟಿಯಲ್ಲಿ ಬರೆದುಕೊಟ್ಟಂತೆ, ದನಿ ಏರಿಸದೆ, ನಗದೆ:
'ಇನ್ನೂ ಹತ್ತು ನಿಮಿಷ.'

ಗೋಡೆಗೊಂದು ಪಟ್ಟಿ, ಲ್ಯಾಮಿನೇಟ್ ಮಾಡಿದ್ದು,
ಆರರಿಂದ ಇಪ್ಪತ್ತು: ತೀರಾ ಹಗುರದಿಂದ ಇನ್ನಾಗದು ತನಕ.
ಒಂದರಿಂದ ಯಾಕಲ್ಲ ಎಂದು ಕೇಳಿದ್ದೆ.
ಎದೆ ಯಾವತ್ತೂ ಒಂದರಿಂದ ಶುರು ಮಾಡುವುದಿಲ್ಲ
ಅಂದರು ಡಾಕ್ಟರ್ ಚಂಗಪ್ಪ.
ಓಡುವವರು ಓಡುತ್ತಲೇ ಬೆರಳು ತೋರಬೇಕು,
ಎಷ್ಟು ಕಷ್ಟ ಅಂತ.

ಗುರುಬಸಪ್ಪ, ಹಾಕಿ ಗೋಲ್‌ಕೀಪರು,
ತೊಡೆಯೆಂದರೆ ಪಾಲಿಕೆಯವರೂ ಕಡಿಯಲಾರದ ಬೊಡ್ಡೆ.
ಹನ್ನೆರಡರಲ್ಲೇ ಆರಾಮಾಗಿ ಗುನುಗುತ್ತಿದ್ದವನು
ನನ್ನ ಮಾತು ಬಿದ್ದದ್ದೇ ಹದಿನಾರಕ್ಕೆ ನೆಗೆದ.
ಕಾಲು ಅದೇ. ಬೆಲ್ಟಿನ ವೇಗ ಕೂದಲೆಳೆಯಷ್ಟೂ ಬದಲಿಲ್ಲ.
ಉಸಿರಿನ ಗ್ರಾಫೂ ಅಲ್ಲೇ ಇತ್ತು.
ಮತ್ತೆ ಭಾರವಾದದ್ದು ಯಾವುದು?
'ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ,
ಅದಕ್ಕೆ ತಕ್ಕ ಹಾಗೆ ಓಡ್ತಿದ್ದೆ.'
ಆ ಮೆಷಿನ್ನಿನ ಮೇಲೆ ಬೇರೆ ಥರ ಓಡಲು ಬರುವುದಿಲ್ಲ
ಎಂದು ನಾನು ಹೇಳಲಿಲ್ಲ.
ಇಳಿದ ಮೇಲೂ ಕಾರಿಡಾರಿನಲ್ಲಿ ಅವನದು ಅದೇ ಮಾತು,
ಗ್ಲೂಕೋಸು ಕುಡಿಯುತ್ತ, ಕುಡಿದು ಮುಗಿದ ಮೇಲೂ.

ಗಂಡಸರು ಹೆಚ್ಚುಕಡಿಮೆ ಹೀಗೇ.
ಆಮೇಲೆ ಪೀಣ್ಯದ ಗಾರ್ಮೆಂಟ್ಸಿನ ಹೆಂಗಸರು ಬಂದರು,
ಭಾನುವಾರ, ತಲೆಗೆ ಮುನ್ನೂರು ರೂಪಾಯಿ.
ಕಾಜಾ ಸೆಕ್ಷನ್ನಿನ ಪುಟ್ಟಮಾದಮ್ಮ
ಸಾಲ ತಂದ ಬೂಟಿನಲ್ಲಿ, ತಾಳಿಯನ್ನು ಬಾಯಲ್ಲಿ ಕಚ್ಚಿ ಓಡಿದಳು.
'ಇನ್ನೂ ಹತ್ತು' ಅಂದೆ.
ನನ್ನ ಕಡೆ ತಿರುಗಲೂ ಇಲ್ಲ.
ಬೆರಳು ಹದಿಮೂರರಲ್ಲಿತ್ತು, ಹದಿಮೂರರಲ್ಲೇ ಉಳಿಯಿತು.
'ನೀವು ಹತ್ತು ಅಂದಾಗ್ಲೇ ಇಪ್ಪತ್ತು ಅಂತ ಇಟ್ಕಂಡಿದ್ದೆ ಕಣಕ್ಕ.
ಶಿಪ್‌ಮೆಂಟ್ ಇದ್ರೆ ಸೂಪರ್‌ವೈಸರೂ ಹಿಂಗೇ ಅನ್ನೋದು,
ಗಡಿಯಾರದ ಕಡೆ ನೋಡ್ದೆ.'

ಡಾಕ್ಟರಿಗೆ ಖುಷಿ.
ಹೆಂಗಸರಲ್ಲಿ ಏರಿಕೆ ಕಮ್ಮಿ ಎಂದು ಬರೆದು ಎರಡು ಗೆರೆ ಎಳೆದರು,
ಪಕ್ಕದಲ್ಲಿ ಪೆನ್ಸಿಲಿನಲ್ಲಿ: ತಾಳ್ಮೆ.
ತಾಳ್ಮೆಯೋ, ನಂಬಿಕೆಯೇ ಇಲ್ಲದ್ದೋ,
ಯಂತ್ರಕ್ಕೆ ಎರಡೂ ಒಂದೇ ಗೀಟು.
ಅವರು ಊಟಕ್ಕೆ ಹೋದಾಗ ಆ ಪದದ ಮುಂದೆ
ಒಂದು ಪ್ರಶ್ನಾರ್ಥಕ ಹಾಕಿದೆ,
ನಾನೂ ಪೆನ್ಸಿಲಿನಲ್ಲೇ.

ಇನ್ನೊಬ್ಬಳ ಬಗ್ಗೆ ಹೇಳಬೇಕು.
ಶಾಹಿದಾ, ಟ್ಯಾನರಿ ರೋಡಿನಲ್ಲಿ ಅಂಚೆ ಹಂಚುವವಳು.
ಹತ್ತುವ ಮೊದಲು ಎರಡು ಸಲ ಕೇಳಿದಳು, 'ಹತ್ತು ತಾನೇ?'
ಹೌದು ಎಂದೆ, ಎರಡು ಸಲವೂ.
ಹತ್ತಾಯಿತು. ನನ್ನ ಸಾಲು ಹೇಳಿದೆ.
ಕೆಂಪು ಗುಂಡಿ ಒತ್ತಿ ಇಳಿದಳು.
'ಹತ್ತು ಅಂದ್ರಿ. ಹತ್ತು ಆಯ್ತು.'
ಸಿಟ್ಟಿಲ್ಲ. ಹಿಡಿಕೆಯ ಬೆವರು ತಾನೇ ಒರೆಸಿ,
ದುಪಟ್ಟಾ ಸರಿಮಾಡಿಕೊಂಡು, ಸಹಿ ಹಾಕಿ ಹೋದಳು.
ಫಾರಮ್ಮಿನಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.
'ಅರ್ಧಕ್ಕೆ ಬಿಟ್ಟವರು' ಎಂಬಲ್ಲಿ ಅವಳ ಹೆಸರು ಬರೆದೆ.
ಬರೆದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಸಂಜೆ ಹಡ್ಸನ್ ಸರ್ಕಲ್ಲು.
ಸಿಗ್ನಲ್ಲಿನ ಕೆಂಪು ಅಂಕಿ ಮೂರು, ಎರಡು, ಒಂದು,
ಆಮೇಲೆ ಮತ್ತೆ ತೊಂಬತ್ತು.
ಗೇರಿನಲ್ಲಿಟ್ಟಿದ್ದ ಆಟೋದವನು ಆಕಾಶಕ್ಕೆ ಬೈದ.
ಪಕ್ಕದ ಸ್ಕೂಟರಿನವಳು
ಎಂಜಿನ್ನು ಇನ್ನೂ ಆನ್ ಮಾಡಿಯೇ ಇರಲಿಲ್ಲ.
ಮನೆಯಿಂದ ಫೋನು: ಎಲ್ಲಿದ್ದೀಯಮ್ಮಾ?
'ಹತ್ತು ನಿಮಿಷ' ಅಂದೆ.
ಆ ಕಡೆ ತಟ್ಟೆಯ ಸದ್ದು.
ಮಗ ಆಗಲೇ ಊಟಕ್ಕೆ ಕೂತಿದ್ದ.