ತುಟಿ ಹಿಂದ, ಮಾತು ಮುಂದ

ಫೋನು ಮಾಡಿದ್ದು ಮೊಮ್ಮಗಳು,
ದೂರು ಅಜ್ಜಿಯದು.
ತಾರಾಬಾಯಿ ರಂಜಣಗಿ, ಬನಹಟ್ಟಿ, ಸೊಸಾಯಿಟಿ ಹಿಂದಿನ ಓಣಿ.
"ನಿಮ್ಮ ಸುದ್ದಿ ಓದಾಕಿ ಸುಳ್ಳ ಹೇಳಾಕತ್ತಾಳಂತ್ರೀ.
ಅಕೀ ತುಟಿ ಹಿಂದ, ಮಾತು ಮುಂದ."

ನಕ್ಕೆವು, ಕೇಬಲ್ ಆಫೀಸಿನ ನಾಲ್ವರೂ.
ಹೊಸ ಮಿಕ್ಸರು ಬಂದು ಹದಿನೈದು ದಿನ,
ಮೇಲಿನ ಪ್ಲಾಸ್ಟಿಕ್ಕು ಕೂಡ ಸುಲಿದಿರಲಿಲ್ಲ.
ಆರು ಸಾವಿರ ಮನೆಯಲ್ಲಿ ಒಬ್ಬರೂ ಏನೂ ಅಂದಿಲ್ಲ,
ಅಂದವಳು ಇವಳೊಬ್ಬಳೇ,
ಇವಳಿಗೋ ಕಿವಿ ಕೇಳುವುದಿಲ್ಲ.

ಅಲ್ಲಿಗೇ ಬಿಡಬಹುದಿತ್ತು.

ಮೊಮ್ಮಗಳು ಬಿಡಿಸಿ ಹೇಳಿದಳು:
ನಲವತ್ತು ವರ್ಷ ಪವರ್‌ಲೂಮಿನ ನಡುವೆ ನಿಂತವಳು.
ಎಂಟು ಮಗ್ಗ ಒಟ್ಟಿಗೆ ಬಡಿಯುವಲ್ಲಿ
ಎಳಿ ಹರೀತು ಎಂದು ಯಾರೂ ಕೂಗುವುದಿಲ್ಲ,
ತುಟಿ ಆಡಿಸುತ್ತಾರೆ.
ಮಗ್ಗ ಕಿವಿ ಒಯ್ದು ಕಣ್ಣಿಗೆ ಓದು ಕಲಿಸಿತು.
ಎಡಗಿವಿಯಲ್ಲಿ ಇನ್ನೂ ಚಿಟಿಕೆ ಉಪ್ಪಿನಷ್ಟು ಉಳಿದಿದೆ.

ಆ ಉಪ್ಪು ಬೇಕು.
ಪ ಫ ಬ ಭ ಮ, ಸಾಲಿಯಲ್ಲಿ ಒದರಿ ಕಲಿತ ತುಟಿಯ ಅಕ್ಷರ,
ಐದಕ್ಕೂ ಬಾಯಿ ಮುಚ್ಚುವುದು ಒಂದೇ ಥರ.
ಕಣ್ಣಿಗೆ ಮಳಿಯೂ ಬಳಿಯೂ ಒಂದೇ.
ಘಟ್ಟದ ಮೇಲೆ ಆದದ್ದು ಮಳಿಯೋ
ಓಣಿಗೆ ಬಂದದ್ದು ಬಳಿಯೋ
ಆ ಚಿಟಿಕೆ ಸದ್ದೇ ಹೇಳಬೇಕು,
ತುಟಿ ಕೂಡಿದ ಗಳಿಗೆಗೇ ಹೇಳಬೇಕು.

ಅಳೆಯಬೇಕಾಯಿತು.

ಮೂಲೆಯಲ್ಲಿ ಒಂದು ಹಳೇ ಲಾಳಿ ಸಿಕ್ಕಿತು.
ಅದರ ಉಕ್ಕಿನ ಮೂತಿಗೊಂದು ವೈರು, ಸ್ಟೀಲು ತಾಟಿಗೊಂದು.
ಟಣ್ ಎಂದ ಕೂಡಲೇ ಕೆಂಪು ದೀಪ ಹತ್ತಬೇಕು,
ಸದ್ದಿಗೂ ಬೆಳಕಿಗೂ ಒಂದೇ ಹುಟ್ಟು.
ಕ್ಯಾಮೆರಾ ಮುಂದೆ ದಸ್ತಗೀರ, ಕೈಯಲ್ಲಿ ತಾಟು.
ಇತ್ತ ಪರದೆಯಲ್ಲಿ ದೀಪ ಕಾಣುವ ಜಾಗಕ್ಕೆ
ಕರಿ ಟೇಪು ಹಚ್ಚಿ ಕೂರಿಸಿದ ಫೋಟೊ ಡಯೋಡು,
ಸದ್ದಿನ ತಂತಿ ನೇರ ಆಸಿಲೋಸ್ಕೋಪಿಗೆ.

ಹೊಡೆದ.
ಮೇಲಿನ ಗೆರೆ ಎದ್ದಿತು, ಸದ್ದು.
ಕೆಳಗಿನದು ಮಲಗೇ ಇತ್ತು,
ಮಲಗೇ ಇತ್ತು,
ಆಮೇಲೆ ಎದ್ದಿತು.
ನಡುವಿನ ಬಯಲು ನೂರಾ ಇಪ್ಪತ್ತು ಮಿಲಿಸೆಕೆಂಡು.
ಮತ್ತೆ ಹೊಡೆ ಅಂದೆ. ನೂರಾ ಹತ್ತೊಂಬತ್ತು.
ಮತ್ತೆ. ನೂರಾ ಇಪ್ಪತ್ತೆರಡು.
ಮೂರು ಫ್ರೇಮು.
ಚಿತ್ರ ಒಳಗೆ ನಿಂತು ಸೀರೆಯ ನಿರಿಗೆ ಸರಿಮಾಡಿಕೊಳ್ಳುವಷ್ಟರಲ್ಲಿ
ಸದ್ದು ಒಂಟಿಯಾಗಿ ಹೊರಟುಬಿಡುತ್ತಿತ್ತು.

ರಬಕವಿಯ ಹೊಳೆದಂಡೆಯಲ್ಲಿ ಸಣ್ಣವನಿದ್ದಾಗಿಂದ ನೋಡಿದ್ದೇನೆ.
ಆಚೆ ದಡದ ಕಲ್ಲಿಗೆ ಬಟ್ಟೆ ಬೀಳುತ್ತದೆ,
ಕೈ ಮತ್ತೆ ಮೇಲೆದ್ದಾಗ ಈಚೆಗೆ ಮುಟ್ಟುತ್ತದೆ ಸದ್ದು.
ತಡವಾದರೆ ಯಾರೂ ಬೈಯುವುದಿಲ್ಲ,
ಪಾಪ, ನೀರು ದಾಟಿ ಬರಬೇಕಲ್ಲ.
ಬಟ್ಟೆ ಬೀಳುವ ಮೊದಲೇ ಬರುವ ಸದ್ದು
ಯಾವ ಹೊಳೆಯಲ್ಲೂ ಇಲ್ಲ.
ಅದನ್ನು ನಾವು ಹದಿನೈದು ದಿನ ಮನೆಮನೆಗೆ ಹಂಚಿದ್ದೆವು,
ತಿಂಗಳಿಗೆ ಇನ್ನೂರೈವತ್ತು ರೂಪಾಯಿಯಂತೆ.

ಸದ್ದಿಗೆ ಅಷ್ಟೇ ಹೊತ್ತು ಕಾಯಲು ಹೇಳಿದೆ. ಕಾಯಿತು.
ಉಳಿದ ಅಂತರ ನಾಲ್ಕು ಮಿಲಿಸೆಕೆಂಡು,
ವಹಿಯಲ್ಲಿ ಬರೆದು ತಾರೀಖು ಹಾಕಿ ಸಹಿ ಮಾಡಿದೆ.
ಆದರೆ ಅದು ಆಫೀಸಿನ ಟಿವಿಯ ಲೆಕ್ಕ.
ಮನೆಗೊಂದು ಡಬ್ಬಿ,
ಪ್ರತಿ ಡಬ್ಬಿಯೂ ದಾರಿಯಲ್ಲಿ ತನ್ನ ಸುಂಕ ಮುರಿದುಕೊಳ್ಳುತ್ತದೆ.

ಸಂಜೆ ಏಳರ ಸುದ್ದಿಗೆ ಅವಳ ಮನೆಗೆ ಹೋದೆ.
ಗೋಡೆಯಾಚೆ ಮಗನ ಮಗ್ಗ ನಡೆದಿತ್ತು,
ಗೂಟದ ಮೇಲಿನ ಚೀಲ ಕೂಡ ನಡುಗುವಂತೆ.
ಪರದೆಗೆ ಗೇಣು ದೂರ ಕೂತು
ಎಡಗಿವಿ ಮುಂದೆ ಚಾಚಿ
ಹಿಪ್ಪರಗಿ ಬ್ಯಾರೇಜಿನ ನೀರಿನ ಮಟ್ಟ ಪೂರಾ ನೋಡಿದಳು.

ಮುಗಿದ ಮೇಲೆ ನನ್ನ ಕಡೆ ತಿರುಗಿ
ಒಂದು ಮಾತು ಅಂದಳು.
ಮಗ್ಗದ ಬಡಿತದಲ್ಲಿ ನನಗೇನೂ ಕೇಳಲಿಲ್ಲ.
ತುಟಿ ಒಮ್ಮೆ ಕೂಡಿತು, ಬಿಚ್ಚಿತು, ಕಂಡದ್ದು ಅಷ್ಟೇ.
"ಬಂತ" ಅಂದಳೋ
"ಮತ್ತ" ಅಂದಳೋ.